ತೊಂಬತ್ತೆರಡನೇ ಮನೆಯ ನೌಕರಿ

ಯುರೇನಿಯಂ ಹುದ್ದೆಯಿಂದ ನಾನು ನಿವೃತ್ತನಾದಾಗ ನನಗೆ ಹದಿನಾರು ವರ್ಷ. ಈಗ ಹದಿನೇಳು. ಇಷ್ಟು ಎಳೆಯ ವಯಸ್ಸಿನಲ್ಲಿ ನಿವೃತ್ತಿ ಪಡೆದವನು ಇಡೀ ಔರಾದ ತಾಲ್ಲೂಕಿನಲ್ಲಿ ಇನ್ನೊಬ್ಬ ಇದ್ದರೆ ಬಂದು ನನ್ನ ಮುಂದೆ ನಿಲ್ಲಲಿ. ಬೀದರದ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು, ಪಿಂಚಣಿಯಿಲ್ಲದೆ, ಹಳೆಯ ದಿನಗಳನ್ನು ನೆನೆಯುತ್ತ ಕಾಲ ಕಳೆಯುತ್ತಿದ್ದೇನೆ.

ನನ್ನ ಜಾಗಕ್ಕೆ ಬಂದಿರುವ ಹುಡುಗ ಮೊನ್ನೆ ಸಂತಪುರದಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದ್ದ. "ಬಸು ಅಣ್ಣಾ, ಯುರೇನಿಯಂ ಹ್ಯಾಂಗ ಮಾಡ್ಬೇಕು ಜರಾ ಹೇಳು. ನಾ ಅಲ್ಲಿ ನಿಂತ್ರ ಕಾಲು ಥರಥರ ನಡಗ್ತಾವ" ಅಂದ. ಕಾಲು ನಡುಗಿದರೆ ಒಳ್ಳೆಯದೇ, ಯುರೇನಿಯಂ ಯಾವಾಗ ಗಟ್ಟಿಯಾಗಿ ನಿಂತಿದೆ ಎಂದು ಬೆನ್ನು ತಟ್ಟಿ ಕಳಿಸಿದೆ. ಬಸ್ಸು ಹತ್ತಿದ ಮೇಲೆ ಮನಸ್ಸಿಗೆ ಪಿಚ್ಚೆನಿಸಿತು. ಎರಡು ವರ್ಷದ ನೌಕರಿಯನ್ನು ಒಂದು ಮಾತಿನಲ್ಲಿ ಮುಗಿಸಿಬಿಟ್ಟೆನಲ್ಲ. ಅವನಿಗಾಗಿ ಮತ್ತು ಅವನ ನಂತರ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರನ್ನೂ ಬಿಟ್ಟು ನನ್ನನ್ನೇ ಯುರೇನಿಯಂ ಹುದ್ದೆಗೆ ಯಾಕೆ ಆರಿಸಿದರು ಎಂಬ ಕಥೆ ಹೇಳಲು ಹೋಗುವುದಿಲ್ಲ. ಅದರಲ್ಲಿ ನನ್ನ ಪ್ರತಿಭೆಯ ಮಾತೇ ಬರುತ್ತದೆ, ಓದುವವರಿಗೆ ಹೊಟ್ಟೆಕಿಚ್ಚಾಗುತ್ತದೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮೂರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು ನಸ್ರೀನ್ ಟೀಚರ್. ಬೀದರದವರು, ಔರಾದದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಗೋಡೆಗೆ ಆವರ್ತ ಕೋಷ್ಟಕ ತೂಗುಹಾಕಿ ಪಾಠ ಶುರು ಮಾಡಿದರು. ನಾನು ಆಕಳಿಸಿದೆ. ನನ್ನ ಆಕಳಿಕೆ ಬೆಂಚಿನಿಂದ ಬೆಂಚಿಗೆ ಹಬ್ಬಿ, ಕಿಟಕಿಯಾಚೆ ನಿಂತಿದ್ದ ಎಮ್ಮೆಯನ್ನೂ ಮುಟ್ಟಿತು. ಟೀಚರ್ ಸೀಮೆಸುಣ್ಣ ಕೆಳಗಿಟ್ಟರು.

"ಏ ಬಾಬಾ, ಗ್ವಾಡಿ ಮ್ಯಾಲಿದ್ರ ನಿಮಗ ನಿದ್ದಿ ಬರ್ತದಲ್ಲಾ? ನಡೀರಿ ಎಲ್ಲಾರೂ ಅಂಗಳಕ್ಕ. ನೀವೇ ಕೋಷ್ಟಕ ಆಗ್ರಿ."

ಅಂಗಳದಲ್ಲಿ ಸುಣ್ಣದ ಪುಡಿಯಿಂದ ಒಂದೇ ಸಾಲಿಗೆ ಹನ್ನೊಂದು ಮನೆ ಬರೆದರು. ಈ ತುದಿಯ ಮನೆಯ ನಂಬರು ಎಂಬತ್ತೆರಡು, ಅದು ಸೀಸ. ಆ ತುದಿ ತೊಂಬತ್ತೆರಡು, ಯುರೇನಿಯಂ, ಅಂದರೆ ನಾನು. ನನ್ನ ಕೈಗೆ ಒಂದು ಬುಟ್ಟಿ ಕೊಟ್ಟರು. ಬುಟ್ಟಿಯೇ ಪರಮಾಣುವಿನ ತಿರುಳು. ಅದು ಅತಿಯಾಗಿ ತುಂಬಿಕೊಂಡಿರುವುದರಿಂದ ಸುಮ್ಮನಿರಲಾರದು, ಏನನ್ನಾದರೂ ಹೊರಗೆ ಎಸೆಯುತ್ತದೆ. ನಾಲ್ಕು ಉಂಡೆಗಳ ಗಂಟು ಎಸೆದರೆ ಅದು ಆಲ್ಫಾ. ಆಗ ಬುಟ್ಟಿ ಎರಡು ಮನೆ ಕೆಳಗಿನವರ ಕೈಗೆ ಹೋಗುತ್ತದೆ. ಒಂದು ಹುಣಸೆ ಬೀಜ ಎಸೆದರೆ ಅದು ಬೀಟಾ. ಬುಟ್ಟಿ ಒಂದು ಮನೆ ಮೇಲಕ್ಕೆ ಏರುತ್ತದೆ. ಹೀಗೆ ಇಳಿಯುತ್ತ ಏರುತ್ತ ಬುಟ್ಟಿ ಕೊನೆಗೆ ಸೀಸದ ಮನೆ ಸೇರುತ್ತದೆ. ಅಲ್ಲೊಂದು ಮಣೆ. ಸೀಸ ಆದವರು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತರೆ ಆಟ ಮುಗಿಯಿತು. ಇನ್ನು ಅವರನ್ನು ಯಾರೂ ಎಬ್ಬಿಸುವಂತಿಲ್ಲ.

ಈ ದಾರಿಯಲ್ಲಿ ಬುಟ್ಟಿ ಒಂದೇ ಮನೆಗೆ ಎರಡೆರಡು ಸಲ, ಮೂರು ಮೂರು ಸಲ ಬರುತ್ತದೆ. ನನ್ನ ಮನೆಗೇ ಎರಡು ಸಲ: ಮೊದಲು ಇನ್ನೂರ ಮೂವತ್ತೆಂಟು ತೂಕದ ಬುಟ್ಟಿ, ಆಮೇಲೆ ಇನ್ನೂರ ಮೂವತ್ತನಾಲ್ಕು ತೂಕದ್ದು. ಎರಡೂ ಯುರೇನಿಯಂ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಟೀಚರ್, "ಮನಿ ನಂಬರ್ ಅದೇ, ತೂಕ ಬ್ಯಾರೆ. ಅದಕ್ಕೇ ಐಸೋಟೋಪ್ ಅಂತಾರ" ಅಂದರು. ನನಗೆ ತಕ್ಷಣ ತಿಳಿಯಿತು. ಮದುವೆ ಊಟಕ್ಕೆ ಕೂರುವ ಮುಂಚಿನ ನಾನು, ಊಟ ಮುಗಿಸಿ ಏಳುವ ನಾನು: ಹೆಸರು ಒಂದೇ, ಮಂಚಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಸೀಸದ ಮನೆಯಲ್ಲಿ ನಿಂತವಳು ಸುನಂದಾ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜಾಣೆ, ನನಗಿಂತ ಸ್ವಲ್ಪ ಹೆಚ್ಚು ಎಂದು ನನಗೆ ಬೇಡವಾದವರು ಹೇಳುತ್ತಾರೆ. ನಾನು ಏನು ಹೇಳಿದರೂ ಅವಳು ನಗುತ್ತಿರಲಿಲ್ಲ. ಇಡೀ ಶಾಲೆ ಹೊಟ್ಟೆ ಹಿಡಿದು ಉರುಳಾಡುವಾಗಲೂ ಬ್ಯಾಂಕಿನ ಕಿಟಕಿಯ ಹಿಂದೆ ಕೂತವರಂತೆ ನೋಡುತ್ತಿದ್ದಳು. ಅದಕ್ಕೇ ಟೀಚರ್ ಅವಳನ್ನು ಸೀಸ ಮಾಡಿದರು ಎಂಬುದು ನನ್ನ ವಾದ.

ನಾವು ಬೇರೆ ಶಾಲೆಗಳಿಗೂ ಹೋಗಿ ಆಡತೊಡಗಿದೆವು. ಮೊದಲ ದೊಡ್ಡ ಪ್ರದರ್ಶನ ಭಾಲ್ಕಿಯಲ್ಲಿ. ಆಗ ಆಲ್ಫಾ ಅಂದರೆ ನಿಜವಾದ ಶೇಂಗಾ ಉಂಡೆಗಳು, ನಮ್ಮವ್ವ ಬೆಲ್ಲ ಹಾಕಿ ಕಟ್ಟಿಕೊಟ್ಟದ್ದು. ಆಲ್ಫಾ ಒಂದು ಕಾಗದವನ್ನೂ ದಾಟಲಾರದು ಎಂದು ತೋರಿಸಲು ಒಬ್ಬ ಹುಡುಗ ಪೇಪರು ಹಿಡಿದು ನಿಂತಿದ್ದ. ನಾನು ಬೀಸಿ ಎಸೆದೆ. ಗಂಟು ಪೇಪರಿಗೆ ಬಡಿದು ಕೆಳಗೆ ಬಿತ್ತು. ಅಷ್ಟರಲ್ಲಿ ಕಂಪೌಂಡಿನ ಸಂದಿಯಿಂದ ಒಂದು ಮೇಕೆ ನುಗ್ಗಿತು. ಅದು ಮೇಕೆಯೋ ಕುದುರೆಯೋ ಎಂದು ಇಂದಿಗೂ ಸಂಶಯ, ಅಷ್ಟು ಎತ್ತರ. ನನ್ನ ಆಲ್ಫಾವನ್ನು ಬಟ್ಟೆ ಸಮೇತ ನುಂಗಿತು. ಆಮೇಲೆ ತಲೆಯೆತ್ತಿ, ಕಾಗದವನ್ನೂ ಹುಡುಗನ ಕೈಯಿಂದ ಕಿತ್ತು ತಿಂದಿತು. ಸಭೆಯಲ್ಲಿ ಒಬ್ಬರು ಎದ್ದು, "ಟೀಚರ್, ಈಗ ಮ್ಯಾಕಿ ಯಾವ ನಂಬರಿನ ಮನಿಗಿ ಹೋಗ್ತದ್ರಿ?" ಎಂದು ಕೇಳಿದರು.

"ಹೀಲಿಯಂ ತಿಂದದ, ಎರಡನೇ ಮನಿಗಿ ಹೋಗಲಿ" ಅಂದರು ನಸ್ರೀನ್ ಟೀಚರ್, ಒಂದು ಕ್ಷಣವೂ ತಡೆಯದೆ. ಆಲ್ಫಾ ಎಂದರೆ ಹೀಲಿಯಮ್ಮಿನ ತಿರುಳೇ ಎಂಬುದನ್ನು ಭಾಲ್ಕಿಯ ಮಕ್ಕಳು ಆ ಮೇಕೆಯಿಂದ ಕಲಿತರು.

ಮರುವರ್ಷ ಮಳೆ ಕೈಕೊಟ್ಟಿತು. ಔರಾದದ ಕಡೆಯ ಒಂದು ಹಳ್ಳಿಯಲ್ಲಿ ನಾನು ಉಂಡೆ ಎಸೆದಾಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಮಕ್ಕಳೆಲ್ಲ ಒಟ್ಟಿಗೆ ಮೇಲೆ ಬಿದ್ದರು. ಒಬ್ಬಳು ಪುಟ್ಟ ಹುಡುಗಿ ಒಂದು ಉಂಡೆಯನ್ನು ತಿನ್ನದೆ ಲಂಗದ ಅಂಚಿಗೆ ಗಂಟು ಹಾಕಿಕೊಂಡಳು. ಟೀಚರ್ ಅದನ್ನು ನೋಡಿದರು. ಮುಂದಿನ ಪ್ರದರ್ಶನದಿಂದ ಆಲ್ಫಾ ಬಟ್ಟೆಯ ಉಂಡೆಯಾಯಿತು. ನಿಜವಾದ ಉಂಡೆಗಳನ್ನು ಆಟ ಮುಗಿದ ಮೇಲೆ ಒಬ್ಬೊಬ್ಬರ ಕೈಗೆ ಕೊಡುವುದೆಂದಾಯಿತು. "ತಿನ್ನೂದು ಒಗೀಬಾರ್ದು, ಈ ವರ್ಷ ಅಂತೂ ಒಗೀಲೇಬಾರ್ದು" ಎಂದಷ್ಟೇ ಹೇಳಿದರು. ಹೊಸದಾಗಿ ಸೇರುವವರು ಬಟ್ಟೆ ಉಂಡೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ.

ಔರಾದದ ಪ್ರದರ್ಶನವನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಲ್ಲಿಗೆ ಬಂದಿದ್ದ ಮುಖ್ಯ ಅತಿಥಿಗೆ ಮೀಸೆ ಎಷ್ಟು ಉದ್ದವಿತ್ತೆಂದರೆ ಅವರು ತಲೆ ತಿರುಗಿಸಿದಾಗ ಪಕ್ಕದವರು ಹಿಂದಕ್ಕೆ ಸರಿಯುತ್ತಿದ್ದರು. ಬುಟ್ಟಿ ಇಳಿದಿಳಿದು ಸೀಸದ ಮನೆಗೆ ಬಂತು. ಸೀಸ ಬಂದರೆ ಆಟ ಮುಗಿಯಿತು ಎಂದು ಯಾರೋ ಅವರ ಕಿವಿಯಲ್ಲಿ ಮೊದಲೇ ಊದಿದ್ದರು. ಸಾಹೇಬರು ಎದ್ದು ಮೈಕು ಹಿಡಿದು, "ಮಕ್ಕಳೇ, ಕೊನೆಗೂ ಶಾಂತಿ ನೆಲೆಸಿತು" ಎಂದು ಭಾಷಣ ಶುರು ಮಾಡಿದರು. ಆದರೆ ಅದು ಇನ್ನೂರ ಹದಿನಾಲ್ಕು ತೂಕದ ಸೀಸ. ಅದಕ್ಕೆ ಇನ್ನೂ ನೆಮ್ಮದಿಯಿಲ್ಲ.

ಸುನಂದಾ ಬುಟ್ಟಿ ಹಿಡಿದು ನಿಂತಲ್ಲಿಂದಲೇ, "ಸರ್, ನಾ ಇನ್ನಾ ಕೂತಿಲ್ಲರಿ" ಅಂದಳು.

ಸಾಹೇಬರು ಕೂತರು. ಅವಳು ಬೀಜ ಎಸೆದಳು. ಬುಟ್ಟಿ ಬಿಸ್ಮತ್‌ಗೆ ಏರಿ, ಪೊಲೋನಿಯಂಗೆ ಏರಿ, ಮತ್ತೆ ಸೀಸಕ್ಕೆ ಬಂತು. ಸಾಹೇಬರು ಮತ್ತೆ ಎದ್ದರು. "ಈಗರೆ ಕೂಡ್ತಿಯೇನವಾ?"

"ಇಲ್ರಿ ಸರ್. ಇಂಥಾ ಸೀಸ ಅರ್ಧ ಕರಗಾಕೇ ಇಪ್ಪತ್ತೆರಡು ವರ್ಷ ಬೇಕು. ನೀವ್ ಕೂಡ್ರಿ."

ಮೂರನೇ ಸಲ, ಇನ್ನೂರ ಆರು ತೂಕದ ಬುಟ್ಟಿ ಬಂದಾಗ, ಅವಳು ನಿಜವಾಗಿಯೂ ಮಣೆಯ ಮೇಲೆ ಕೂತಳು. ಸಾಹೇಬರು ಮಾತ್ರ ಏಳಲಿಲ್ಲ. "ಖರೇನ ಮುಗೀತೇನ್ರೀ?" ಎಂದು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿದ ಮೇಲೆ ಮೈಕು ಮುಟ್ಟಿದರು. ಐಸೋಟೋಪು ಅಂದರೇನು ಎಂದು ನನಗೆ ಪರೀಕ್ಷೆಯಲ್ಲಿ ಬಂದಾಗ ಮೊದಲು ನೆನಪಾದದ್ದು ಆ ಮೀಸೆ.

ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟಿನಲ್ಲಿದ್ದ ಇಬ್ಬರು ಹೆಂಗಸರ ಹತ್ತಿರ ಹೋಗಿ ನಾನು ವಿನಯದಿಂದ, "ಅಕ್ಕೋರೆ, ನಾ ಯುರೇನಿಯಂ ಇದ್ದೀನ್ರಿ. ನನ್ನ ಮೈಯಿಂದ ಕಿರಣ ಹೊಂಡ್ತಾವ. ನೀವ್ ಜರಾ ದೂರ ನಿಂತ್ರ ನಿಮಗೇ ಚಲೋ" ಅಂದೆ. ಒಬ್ಬರು ಎದ್ದೇಬಿಟ್ಟರು. ಇನ್ನೊಬ್ಬರು ಏಳುವಷ್ಟರಲ್ಲಿ ನನ್ನ ಕಿವಿ ಯಾರದೋ ಬೆರಳಿನಲ್ಲಿತ್ತು. ನಮ್ಮನ್ನು ಊರಿಗೆ ಮುಟ್ಟಿಸಲು ಜೊತೆಗೆ ಬಂದಿದ್ದ ನಸ್ರೀನ್ ಟೀಚರ್!

"ಕೂಡ್ರಿ ಅಕ್ಕಾ, ಕೂಡ್ರಿ. ಬಾಳಿಹಣ್ಣಿನಾಗೂ ಪೊಟ್ಯಾಸಿಯಂ ನಲವತ್ತು ಅದ, ಅದರಿಂದನೂ ಕಿರಣ ಬರ್ತಾವ. ನಿಮ್ಮ ಮೈಯಾಗೂ ಅದ, ನನ್ನ ಮೈಯಾಗೂ ಅದ, ಈ ಕಂಡಕ್ಟರ್ ಮೈಯಾಗೂ ಅದ. ಹಂಗಂತ ಎಲ್ಲಾರೂ ಬಸ್ಸಿನಿಂದ ಜಿಗೀಬೇಕೇನು?" ಕಂಡಕ್ಟರ್ ಗಾಬರಿಯಾಗಿ ತನ್ನ ಅಂಗೈ ನೋಡಿಕೊಂಡ. ನಾನು ಊರವರೆಗೂ ಒಂಟಿ ಕಾಲಿನ ಮೇಲೆ ಬಂದೆ. ಇನ್ನೊಂದು ಕಾಲು ಯಾರದೋ ಜೋಳದ ಚೀಲದ ಮೇಲಿತ್ತು.

ನಮ್ಮ ಸಾಲಿನಲ್ಲಿ ಹನ್ನೊಂದು ಮನೆಗಳಿದ್ದರೂ ಎಂಬತ್ತೈದು, ಎಂಬತ್ತೇಳು, ಎಂಬತ್ತೊಂಬತ್ತು ಈ ಮೂರಕ್ಕೆ ಬುಟ್ಟಿ ಹೋಗುವುದೇ ಇಲ್ಲ. ಮೊದಲಿನಿಂದಲೂ ನಾವು ಅವನ್ನು ಬೀಗ ಹಾಕಿದ ಮನೆಗಳು ಎನ್ನುತ್ತಿದ್ದೆವು. ಆ ದೀಪಾವಳಿ ಆದಮೇಲೆ ಹಾಗೆನ್ನುವುದನ್ನು ಬಿಟ್ಟೆವು. ನಮ್ಮ ಓಣಿಯಲ್ಲೇ ಬೀಗಗಳು ಬಿದ್ದಿದ್ದವು. ಥೋರಿಯಂ ಆಗಿದ್ದ ಹುಡುಗ ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ. ಪೊಲೋನಿಯಂ ಹೈದರಾಬಾದಿಗೆ. ರೇಡಿಯಂ ಎಲ್ಲಿಗೆ ಹೋದಳೋ, ಹೋಗುವ ಹಿಂದಿನ ದಿನದವರೆಗೂ ಅವಳಿಗೇ ಗೊತ್ತಿರಲಿಲ್ಲ. ನಮ್ಮದು ಹಿಟ್ಟಿನ ಗಿರಣಿ. ಬೀಸಲು ಕಾಳು ಬರದಿದ್ದರೂ ಅಪ್ಪ ಅದನ್ನು ಬಿಟ್ಟು ಕದಲಲಿಲ್ಲ, ಹಾಗಾಗಿ ನಾನುಳಿದೆ. ಬಳೆ ಅಂಗಡಿಯ ಇರ್ಫಾನ್ ಉಳಿದ. ಸುನಂದಾ ಉಳಿದಳು. ಎಂಟು ಜನರ ಆಟಕ್ಕೆ ಮೂವರು.

ಅರ್ಧಾಯುಷ್ಯದ ಪಾಠ ಬಂದದ್ದು ಅದೇ ದಿನಗಳಲ್ಲಿ. ಚೌಕಾಬಾರ ಆಡಲು ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡುತ್ತಾರಲ್ಲ, ಅಂಥ ಒಂದು ಬೊಗಸೆ ಬೀಜಗಳನ್ನು ಟೀಚರ್ ನೆಲಕ್ಕೆ ಚೆಲ್ಲಿದರು. ಬಿಳಿ ಬಿದ್ದವನ್ನು ತೆಗೆದು ಪಕ್ಕಕ್ಕಿಟ್ಟರು. ಸುಮಾರು ಅರ್ಧ ಹೋದವು. ಉಳಿದವನ್ನು ಮತ್ತೆ ಚೆಲ್ಲಿದರು. ಮತ್ತೆ ಅರ್ಧ. ಹೀಗೆ ಅರ್ಧ ಹೋಗಲು ಹಿಡಿಯುವ ಕಾಲವೇ ಅರ್ಧಾಯುಷ್ಯ.

"ಎಷ್ಟು ಹೋಗ್ತಾವ ಅಂತ ಹೇಳಬಹುದು. ಯಾವುದು ಹೋಗ್ತದ ಅಂತ ಯಾರಿಗೂ ಹೇಳಾಕ್ಕಾಗಂಗಿಲ್ಲ" ಅಂದರು.

ಸುನಂದಾ ಕೈಯೆತ್ತಿದಳು. "ಟೀಚರ್, ಮೂರು ಸರ್ತಿ ಉಳಿದ ಬೀಜಕ್ಕ ನಾಕನೇ ಸರ್ತಿ ಅಂಜಿಕಿ ಕಡಿಮಿ ಇರ್ತದೇನ್ರಿ?"

"ಇಲ್ಲ ಬೇಟಿ. ಅದಕ್ಕ ಹಿಂದಿಂದು ನೆಪ್ಪೇ ಇರಂಗಿಲ್ಲ. ಪ್ರತಿ ಸರ್ತಿ ಹೊಸದಾಗೇ ಅಷ್ಟೇ ಅಂಜಿಕಿ."

ಅವಳು ಕೈ ಇಳಿಸಿದಳು. ನಾನು ಒಂದು ಬೀಜ ಬಾಯಿಗೆ ಹಾಕಿಕೊಂಡು ಎಲ್ಲರನ್ನೂ ನಗಿಸಲು ನೋಡಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಬೀಜ ಮಾತ್ರ ಗಂಟಲಿಗೆ ಹೋಯಿತು.

ಅವಳು ಯಾಕೆ ಕೇಳಿದಳೆಂಬುದು ವಾರದೊಳಗೆ ತಿಳಿಯಿತು. ಅವಳ ಅಪ್ಪ ತುಕಾರಾಮ ಕಾಕಾ, ಅವ್ವ ಶಾಂತಾ ಕಾಕು ಬೇಸಿಗೆಯಲ್ಲಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು. ಆಗೆಲ್ಲ ಸುನಂದಾ ಭಾಲ್ಕಿಯ ಸೋದರತ್ತೆಯ ಮನೆಯಲ್ಲಿದ್ದು ಶಾಲೆ ತೆರೆಯುವ ಹೊತ್ತಿಗೆ ಊರಿಗೆ ಬರುತ್ತಿದ್ದಳು. ಈ ಸಲ ಚಳಿಗಾಲಕ್ಕೇ ಹೊರಟಿದ್ದರು. ಭಾಲ್ಕಿಯ ಅತ್ತೆಯ ಮನೆಗೂ ಬೀಗ. ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳಲು ಸುನಂದಾ ಜೊತೆಗೆ ಬರಬೇಕು ಎಂದಾಯಿತು. ಅಂದರೆ ಹತ್ತನೇ ತರಗತಿಯ ಪರೀಕ್ಷೆಗೆ ಅವಳಿಲ್ಲ.

ಟೀಚರ್ ಅವರ ಮನೆಗೇ ಹೋದರು. ನಾನೂ ಹಿಂದೆ ಹೋಗಿ ಬಾಗಿಲ ಹೊರಗೆ ಕಿವಿ ಚಾಚಿ ನಿಂತೆ.

"ತುಕಾರಾಮ ಭಾಯಿ, ಪರೀಕ್ಷಾ ಮುಗಿಯೂ ತನಾ ನನ್ನ ಕೋಣ್ಯಾಗ ಇರಲಿ. ನಾ ಒಬ್ಬಾಕಿನೇ ಇದ್ದೀನಿ. ಉಣ್ಣೂದು ಇಬ್ಬರದೂ ಒಂದೇ ಒಲಿ ಮ್ಯಾಲ ಆಗ್ತದ."

"ನಿಮ್ಮ ಮಾತು ದೊಡ್ಡದ್ರಿ ಬಾಯೋರೆ. ಆದ್ರ ಸಣ್ಣಂವನ್ನ ಯಾರು ನೋಡ್ಬೇಕು? ಆರನೇ ಮಜಲಿ ಮ್ಯಾಲ ಆಕಿ ಅವ್ವ ಇಟ್ಟಂಗಿ ಹೊರ್ತಾಳ. ಕೂಸು ಕೆಳಗ ಕಬ್ಬಿಣ ಸಳಿ ನಡಕ ಆಡ್ತದ."

ಟೀಚರ್ ಚೀಲ ಹೆಗಲಿಗೇರಿಸಿ ಎದ್ದರು. ಹೊರಗೆ ಬಂದಾಗ ಅವರ ಮುಖ ನೋಡಿ, ಕಿವಿ ಹಿಂಡುತ್ತಾರೆಂದು ನಾನೇ ಕಿವಿ ಮುಂದೆ ಚಾಚಿದೆ. ಹಿಂಡಲಿಲ್ಲ.

ಅವರು ಹೊರಡುವ ದಿನವೇ ಬೀದರದಲ್ಲಿ ಜಿಲ್ಲಾ ವಿಜ್ಞಾನ ಮೇಳ. ಸುನಂದಾ ಹಟ ಹಿಡಿದು ಒಂದು ಒಪ್ಪಂದ ಮಾಡಿಕೊಂಡಳು: ಬೆಳಿಗ್ಗೆ ನಮ್ಮ ಜೊತೆ ಬೀದರಕ್ಕೆ ಬರುವುದು, ಆಟ ಆಡುವುದು, ಕೆಲಸಗಾರರ ಟೆಂಪೋ ಔರಾದದ ಮೇಲೆ ಹಾದು ಬೀದರಕ್ಕೆ ಬಂದಾಗ ಅಲ್ಲಿಂದಲೇ ಹತ್ತುವುದು. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಇರ್ಫಾನ್ ನನ್ನ ಪಕ್ಕೆಗೆ ತಿವಿದು, "ಏನರ ಮಾಡೋ. ದಿನಾ ಇಷ್ಟ್ ಮಾತಾಡ್ತಿ, ಇವತ್ತ ಯಾಕ ಬಾಯಿ ಬಿದ್ದದ?" ಅಂದ.

ಆಗ ನನಗೆ ಹೊಳೆಯಿತು. ಟೆಂಪೋದಲ್ಲಿ ಊರಿನ ಹತ್ತಾರು ಜನ ಇರುತ್ತಾರೆ. ಒಬ್ಬ ಹುಡುಗಿಗಾಗಿ ಅದು ಎಷ್ಟು ಹೊತ್ತು ಕಾದೀತು? ಆಟ ಮುಗಿಯದಿದ್ದರೆ ಸೀಸ ಏಳುವಂತಿಲ್ಲ. ಆಟ ಶುರುವಾಗುವುದು ನನ್ನಿಂದ. ನನ್ನ ಅರ್ಧಾಯುಷ್ಯವೋ ಸುಮಾರು ನಾನೂರ ಐವತ್ತು ಕೋಟಿ ವರ್ಷ! ಎಳೆಯುವುದನ್ನು ಯಾರೂ ನನಗೆ ಕಲಿಸಬೇಕಿರಲಿಲ್ಲ.

ಮೇಳದ ಅಂಗಳದಲ್ಲಿ ನಮ್ಮ ಸರದಿ ಬಂತು. ನಾನು ಬನಿಯನ್ನಿನ ಮೇಲೆ, ಯುರೇನಿಯಂ ವೇಷಕ್ಕೆಂದು ಶಾಲೆ ಕೊಟ್ಟ ಹಳದಿ ಶಾಲು ಹೊದ್ದು ತೊಂಬತ್ತೆರಡನೇ ಮನೆಯಲ್ಲಿ ನಿಂತೆ. ಆ ತುದಿಯಲ್ಲಿ ಸುನಂದಾ. ನಡುವಿನ ಅಷ್ಟೂ ಮನೆಗಳಿಗೆ ಒಬ್ಬನೇ ಇರ್ಫಾನ್. ಗೇಟಿನ ಹತ್ತಿರ ಟೆಂಪೋ ಬಂದು ನಿಂತಿತು. ತುಕಾರಾಮ ಕಾಕಾ ಇಳಿದು ಒಳಗೆ ಬಂದರು.

"ನೋಡ್ರಿ, ನಾ ಯುರೇನಿಯಂ" ಎಂದು ಶುರು ಮಾಡಿದೆ. "ನನಗ ಗಡಿಬಿಡಿ ಇಲ್ಲ. ಭೂಮಿ ಹುಟ್ಟಿದಾಗ ಈ ಬುಟ್ಟಿ ಹಿಡ್ಕೊಂಡು ನಿಂತಂವ. ಒಗೀಲೇನು ಅಂತ ವಿಚಾರ ಮಾಡಿದೆ. ಒಗೀಲಿಲ್ಲ. ಮೀನು ಬಂದ್ವು, ಒಗೀಲಿಲ್ಲ. ಮಂಗ್ಯಾ ಬಂದ್ವು. ಅವು ಮನಷ್ಯಾರ ಆದ್ರು, ಕೆಲವರು ಆಗ್ಲಿಲ್ಲ..." ಇಲ್ಲಿ ಇರ್ಫಾನನ ಕಡೆ ಕೈ ತೋರಿಸಿದೆ. ಜನ ನಕ್ಕರು. ಜನ ನಕ್ಕರೆ ನನಗೆ ಮೈಮೇಲೆ ಬರುತ್ತದೆ.

ಗೇಟಿನಿಂದ ಹಾರ್ನ್ ಕೇಳಿತು. ಕಾಕಾ ನನ್ನ ಕಡೆ ಕೈ ಬೀಸುತ್ತಿದ್ದರು, ಜಲ್ದಿ ಜಲ್ದಿ ಎಂಬಂತೆ. ನಾನು ಬೀದರದ ಕೋಟೆಗೆ ಬಂದೆ. ಸುಲ್ತಾನರು ಕಲ್ಲು ಹೊರಿಸಿದರು. ನಾನು ಒಂದೊಂದೇ ಕಲ್ಲು ಇಟ್ಟು ತೋರಿಸಿದೆ. ಬುರುಜು ಕಟ್ಟಿದೆ. ಕಂದಕ ತೋಡಿದೆ. ತೋಡಿದ್ದು ಸಾಲದೆಂದು ಮತ್ತೆ ತೋಡಿದೆ. ನಿಜಾಮರು ಬಂದರು, ಹೋದರು. ಉಂಡೆ ಇನ್ನೂ ನನ್ನ ಕೈಯಲ್ಲೇ.

"ಒಗಿಯೋ ಮಾರಾಯಾ! ನಿಂತು ನಿಂತು ನನ್ನ ಕಾಲಾಗ ಬೇರು ಬಂದ್ವು" ಎಂದ ಇರ್ಫಾನ್.

ಕೊನೆಗೆ ಎಸೆದೆ. ಇರ್ಫಾನ್ ಥೋರಿಯಂ ಆಗಿ ಹಿಡಿದ, ಮುಂದಿನ ಮನೆಗೆ ಜಿಗಿದು ಪ್ರೊಟ್ಯಾಕ್ಟಿನಿಯಂ ಆದ, ಬುಟ್ಟಿಯನ್ನು ಮತ್ತೆ ನನಗೇ ತಂದುಕೊಟ್ಟ. ಈಗ ನಾನು ಯುರೇನಿಯಂ ಇನ್ನೂರ ಮೂವತ್ತನಾಲ್ಕು. "ಈಗ ಎರಡೂವರಿ ಲಕ್ಷ ವರ್ಷ ಅಷ್ಟೇ" ಅಂದೆ. ಸಭೆ ಹೋ ಎಂದಿತು. ಟೀಚರ್ ನನ್ನನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಗೊತ್ತಾಗಿತ್ತು. ತಡೆಯಲಿಲ್ಲ. ಹಾರ್ನ್ ಇನ್ನೊಮ್ಮೆ ಉದ್ದಕ್ಕೆ ಕೂಗಿತು. ಕಾಕಾ ಎರಡೂ ಕೈ ಮೇಲೆತ್ತಿ ಬೀಸಿದರು. ನಾನು ಕೆಮ್ಮಿದೆ, ನೀರು ಕೇಳಿದೆ, ಲೋಟ ತಂದಾಗ ತಣ್ಣಗಿಲ್ಲ ಅಂದೆ. ಗೇಟಿನಾಚೆ ಇಂಜಿನ್ನು ಗುರುಗುಟ್ಟಿ, ದೂರವಾಗಿ, ಕೇಳದಾಯಿತು.

ಆಮೇಲೆ ಎಸೆದೆನಲ್ಲ, ಅಂಥ ಆಲ್ಫಾ ಜಿಲ್ಲೆಯಲ್ಲೇ ಯಾರೂ ಎಸೆದಿರಲಿಕ್ಕಿಲ್ಲ. ಇರ್ಫಾನ್ ಥೋರಿಯಂನಿಂದ ರೇಡಿಯಂಗೆ, ರೇಡಾನ್‌ಗೆ, ಪೊಲೋನಿಯಂಗೆ ಕುಪ್ಪಳಿಸಿದ. ಬುಟ್ಟಿ ಮೂರು ಸಲ ಸುನಂದಾಳ ಮನೆಗೆ ಹೋಯಿತು. ಮೂರನೆಯ ಸಲ ಅವಳು ಮಣೆಯ ಮೇಲೆ ಕೂತಳು. ಬುಟ್ಟಿಯನ್ನು ತಬ್ಬಿಕೊಂಡು ತಲೆ ತಗ್ಗಿಸಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತುಕಾರಾಮ ಕಾಕಾ. ಅದು ನನಗೆ ವಿಚಿತ್ರವೆನಿಸಿತು.

ಅವರು ನೆಟ್ಟಗೆ ನನ್ನ ಹತ್ತಿರ ಬಂದರು. "ಟೆಂಪೋ ಹೋಯ್ತು. ಡ್ರೈವರ್ ನಮ್ಮ ಸಾಮಾನೆಲ್ಲಾ ಗೇಟಿನಾಗ ಒಗದು ಹೋದ. ಬಾ, ಗಂಟು ಎತ್ತು. ಬಸ್ ಸ್ಟ್ಯಾಂಡಿಗಿ ನೀನೇ ಹೊರಬೇಕು."

ಗೇಟಿನಲ್ಲಿ ಶಾಂತಾ ಕಾಕು ಕೂಸನ್ನು ಸೊಂಟಕ್ಕೇರಿಸಿ ನಿಂತಿದ್ದರು. ಹಾಸಿಗೆ ಸುತ್ತು ನನ್ನ ತಲೆಯ ಮೇಲೆ, ಪಾತ್ರೆ ಚೀಲ ಹೆಗಲಿಗೆ, ಕೈಯಲ್ಲಿ ಒಲೆ. ಆ ಹೊರೆಯ ಕೆಳಗೆ ನಾನು ಹೊರಗಿನವರಿಗೆ ಕಾಣುತ್ತಲೇ ಇರಲಿಲ್ಲ. ಒಲೆಯೇ ನಡೆದು ಹೋಗುತ್ತಿದೆ ಎಂದು ದಾರಿಯಲ್ಲಿ ಜನ ನಿಂತು ನೋಡಿದರು. ಬಸ್ಸು ಇದ್ದೇ ಇದೆಯಲ್ಲ, ಅದರಲ್ಲಿ ಅವಳನ್ನು ಕರೆದೊಯ್ಯುತ್ತಾರೆ, ನನ್ನ ಕೋಟೆ ಕಂದಕ ಎಲ್ಲ ವ್ಯರ್ಥ ಎಂದುಕೊಂಡು ನಡೆದೆ. ಸುನಂದಾ ಪಕ್ಕದಲ್ಲಿ ಬಂದಳು. ಟೀಚರ್, ಇರ್ಫಾನ್ ಹಿಂದೆ.

ಬಸ್ ಸ್ಟ್ಯಾಂಡಿನಲ್ಲಿ ಸಾಮಾನು ಇಳಿಸುವಾಗ ಸುನಂದಾ, "ಅಪ್ಪಾ, ನನ್ನ ಅರಿವಿ ಚೀಲ ಎಲ್ಲಿ?" ಎಂದು ಕೇಳಿದಳು.

"ಇದರಾಗಿಲ್ಲ. ಮುಂಜಾನಿ ಔರಾದದಾಗ ಟೆಂಪೋ ನಿಲ್ಲಿಸಿ, ಟೀಚರ್ ಮನಿ ಮಾಲಕಿ ಅಜ್ಜಿ ಹತ್ತರ ಇಟ್ಟು ಬಂದೀನಿ. ಪುಸ್ತಕನೂ ಅಲ್ಲೇ ಅವ."

ಅವಳು ಅಪ್ಪನನ್ನೇ ನೋಡಿದಳು. ಟೀಚರ್ ಮುಂದೆ ಬಂದರು.

"ಭಾಲ್ಕಿ ಅಕ್ಕಂದು ಇವತ್ತ ಮುಂಜಾನಿ ಫೋನ್ ಬಂತ್ರಿ ಬಾಯೋರೆ" ಎಂದರು ಕಾಕಾ. "ಆಕಿನೂ ಹೈದರಾಬಾದಿನಾಗ ಅದೇ ಕೆಲಸದ ಜಾಗಾಕ್ಕ ಬಂದಾಳಂತ. ಮೊಣಕಾಲು ಬ್ಯಾನಿ, ಹೊರಾಕಾಗಂಗಿಲ್ಲ, ಕೂಸಿನ್ನ ನಾ ನೋಡ್ತೀನಿ ಅಂದಳು. ಅಷ್ಟೊತ್ತಿಗಿ ಇಕಿ ನಮಗಿಂತ ಮೊದಲೇ ನಿಮ್ಮ ಜೋಡಿ ಹೊಂಟುಬಿಟ್ಟಿದ್ಲು. ಹೇಳೂನಂದ್ರ ಆಟ ಕೆಡ್ತದ, ಆಕಿ ಕೂತ ಮ್ಯಾಲೇ ಹೇಳೂನು, ನೋಡಿ ಹೊಂಡೂನು ಅಂತ ಟೆಂಪೋ ತಡಸ್ಕೊಂಡು ನಿಂತೆ. ಡ್ರೈವರ್ ಬೈಲತಾನ. ನಾ ಕೈ ಮಾಡೇ ಮಾಡ್ಲತೀನಿ, ಜಲ್ದಿ ಒಗಿಯೋ, ನಮ್ಮ ಹುಡುಗಿ ಕೂಡೂದು ನೋಡಿ ಹೋಗ್ತೀನಿ ಅಂತ. ಈ ಮಗ ಅಲ್ಲಿ ಕೋಟಿ ಕಟ್ಟಸ್ಲತಾನ!"

ಇರ್ಫಾನ್ ನಿಧಾನವಾಗಿ ನನ್ನಿಂದ ಎರಡು ಹೆಜ್ಜೆ ದೂರ ಸರಿದು ನಿಂತ, ನನ್ನನ್ನು ಕಂಡೇ ಇಲ್ಲದವನಂತೆ.

ಶಾಂತಾ ಕಾಕು ನನ್ನ ಕಡೆ ತಿರುಗಿದರು. "ಟೆಂಪೋದಾಗ ಮೂಲ್ಯಾಗ ಚಂದ ಜಾಗಾ ಹಿಡಿದು ಗೋದಡಿ ಹಾಸಿದ್ದೆ ನಾ. ಈಗ ಕೂಸಿನ್ನ ಕಟ್ಕೊಂಡು ಹೈದರಾಬಾದ ತನಾ ಈ ಬಸ್ಸಿನಾಗ ನಿಂತು ಹೋಗ್ಬೇಕಲ್ಲಾ. ನಿನ್ನ ಸುಲ್ತಾನ ಬರ್ತಾನೇನು ನನ್ನ ಟೊಂಕ ತಿಕ್ಕಾಕ?"

ಹೈದರಾಬಾದಿನ ಬಸ್ಸು ಬಂತು. ಬರ ಬಿದ್ದ ವರ್ಷದಲ್ಲಿ ಆ ಬಸ್ಸಿಗೆ ಎಷ್ಟು ಜನ ನುಗ್ಗುತ್ತಾರೆಂಬುದನ್ನು ನಾನು ಹಿಗ್ಗಿಸಿ ಹೇಳಬೇಕಿಲ್ಲ. ನಿಲ್ಲುವ ಮುಂಚೆಯೇ ಕಿಟಕಿಗಳಿಂದ ಟವೆಲ್ಲು, ಟೋಪಿ, ಚೀಲ ಒಳಗೆ ಬೀಳತೊಡಗಿದವು. ಯಾರ ವಸ್ತು ಸೀಟಿನ ಮೇಲೆ ಬೀಳುತ್ತದೋ ಸೀಟು ಅವರದು. ನಾನು ಬಸ್ಸಿನ ಜೊತೆಗೇ ಓಡಿದೆ. ಕೈಯಲ್ಲಿ ಏನೂ ಇರಲಿಲ್ಲ. ಮೈಮೇಲಿನ ಹಳದಿ ಶಾಲನ್ನು ಕಿತ್ತು ಉಂಡೆ ಮಾಡಿ, ಮೂರನೇ ಕಿಟಕಿಯೊಳಗೆ ಬೀಸಿದೆ. ನೇರವಾಗಿ ಸೀಟಿನ ಮೇಲೆ ಬಿತ್ತು.

ಶಾಂತಾ ಕಾಕು ಕೂಸಿನೊಂದಿಗೆ ಹೋಗಿ ಅದರ ಮೇಲೆ ಕೂತರು. ಕಾಕಾ ಬಾಗಿಲಲ್ಲಿ ನಿಂತು ಮಗಳ ತಲೆಯ ಮೇಲೆ ಕೈಯಿಟ್ಟರು. ಟೀಚರಿಗೆ ಕೈ ಮುಗಿದು ಹತ್ತಿಕೊಂಡರು. ಬಸ್ಸು ಹೊರಟಿತು.

"ಕಾಕೂ, ಶಾಲು! ಸಾಲಿದದ, ಕೊಡ್ರಿ!" ಎಂದು ಕಿಟಕಿಯ ಜೊತೆ ಓಡಿದೆ.

"ಎದ್ರ ಸೀಟು ಹೋಗ್ತದೋ ತಮ್ಮಾ! ಬ್ಯಾಸಗಿಗಿ ತರ್ತೀನಿ ತಗೋ!"

ಶಾಲಿಲ್ಲದ ಯುರೇನಿಯಮ್ಮನ್ನು ಯಾರು ನಂಬುತ್ತಾರೆ? ಬೇಸಿಗೆಯ ಹೊತ್ತಿಗೆ ನಮ್ಮ ಪರೀಕ್ಷೆಯೂ ಮುಗಿದು, ನಾನು ಶಾಲೆಯನ್ನೇ ಬಿಟ್ಟಾಗಿತ್ತು. ಹಾಗಾಗಿ ನನ್ನ ಸೇವೆಯ ಕೊನೆಯ ದಿನ ಅದೇ. ಹಾರವಿಲ್ಲ, ಭಾಷಣವಿಲ್ಲ. ಬೀದರ ಬಸ್ ಸ್ಟ್ಯಾಂಡಿನಲ್ಲಿ, ಬನಿಯನ್ನಿನ ಮೇಲೆ, ಡೀಸೆಲ್ ಹೊಗೆ ಕುಡಿಯುತ್ತ ನಿವೃತ್ತನಾದೆ.

ವಾಪಸು ಬಂದಾಗ ಟೀಚರ್ ಔರಾದದ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಲು ಹೋಗಿದ್ದರು. ಸುನಂದಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನಕ್ಕಳು. ಎರಡು ವರ್ಷ ನಾನು ಏನೆಲ್ಲ ಮಾಡಿದರೂ ನಗದವಳು, ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಆ ಸಂದರ್ಭಕ್ಕೆ ತಕ್ಕ ಒಂದು ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಬಸೂ," ಅಂದಳು ಕಣ್ಣೊರೆಸಿಕೊಳ್ಳುತ್ತ, "ಔರಾದ ಬಸ್ ಹತ್ತೂ ತನಾ ಒಂದೇ ಒಂದು ಮಾತು ಆಡಬ್ಯಾಡೋ. ಇದೂ ತಪ್ತದ."